ಒಂದೇ ಬಸ್ಸು ಹತ್ತಿದ ಮೂರು ಸುಳ್ಳು

“ನಮ್ ಹುಡ್ಗ ಬಾಯ್ ಬುಟ್ರೆ ಸಾಕು, ಅರಳಿಕಟ್ಟೆ ಪೂರಾ ಬಿದ್ದೂ ಬಿದ್ದೂ ನಗ್ತದೆ. ಪಿಚ್ಚರ್‌ಗೆ ಕಾಮಿಡಿ ಬರಿಯಾಕೆ ಇವ್ನಿಗಿಂತ ಬೇಕಾ?”

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗೆ ಹೋದರೂ ಇಂಥ ಒಬ್ಬ ಹುಡುಗ ಸಿಗುತ್ತಾನೆ. ಹುಡುಗ ನಿಜಕ್ಕೂ ನಗಿಸುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ನಗು ಅವನೊಬ್ಬನದಲ್ಲ, ಕಟ್ಟೆಯದೂ ಹೌದು. ಡೇರಿ ಸೆಕ್ರೆಟರಿ ಹೆಜ್ಜೆ ಹಾಕುವ ಹಾಗೆ ಇವನು ನಾಲ್ಕು ಹೆಜ್ಜೆ ಹಾಕಿ ತೋರಿಸಿದರೆ ಕಟ್ಟೆ ಕುಲುಕುತ್ತದೆ. ಯಾಕೆಂದರೆ ಅಲ್ಲಿ ಕೂತವರೆಲ್ಲ ಆ ಸೆಕ್ರೆಟರಿಯನ್ನು ಇಪ್ಪತ್ತು ವರ್ಷದಿಂದ ನೋಡಿದ್ದಾರೆ. ಅದೇ ನಾಲ್ಕು ಹೆಜ್ಜೆಯನ್ನು ಗದಗಿನಲ್ಲಿ ಹಾಕಿದರೆ, ಕಾಲಿಗೆ ಮುಳ್ಳು ಚುಚ್ಚಿರಬೇಕು ಪಾಪ ಅಂದುಕೊಳ್ಳುತ್ತಾರೆ. ಕಟ್ಟೆಗೆ ಇಪ್ಪತ್ತು ವರ್ಷದಲ್ಲಿ ಗೊತ್ತಾದದ್ದನ್ನು ಅಪರಿಚಿತನಿಗೆ ಎರಡು ನಿಮಿಷದಲ್ಲಿ ಗೊತ್ತು ಮಾಡಿಸುವುದೇ ಬರೆಯುವವನ ಕೆಲಸ. ಮಾತಿನ ಚುರುಕು ಅದಕ್ಕೆ ಒದಗಬಹುದು, ಆದರೆ ಅದೊಂದೇ ಸಾಕು ಎಂಬುದು ಮೊದಲ ತಪ್ಪು ಕಲ್ಪನೆ.

ನಾನೂ ಅಂಥ ಹುಡುಗನೇ ಆಗಿದ್ದೆ. ಗಣೇಶೋತ್ಸವಕ್ಕೆ ಒಂದು ಪ್ರಹಸನ ಬರೆದುಕೊಟ್ಟೆ. ಕ್ಯಾಲೆಂಡರಿನ ಹಿಂದೆ, ವಾರಪತ್ರಿಕೆಯ ಮೂಲೆಯಲ್ಲಿ ಸಿಕ್ಕ ಜೋಕುಗಳನ್ನೆಲ್ಲ ಪೋಣಿಸಿ ಡಾಕ್ಟರು, ರೋಗಿ, ಕಾಂಪೌಂಡರ ಬಾಯಿಗೆ ಹಂಚಿದ್ದೆ. ನಲವತ್ತು ಜೋಕಿಗೆ ಒಂದೂ ನಗು ಬರಲಿಲ್ಲ. ಕೊನೆಗೆ ಡಾಕ್ಟರ ಅಂಟಿಸಿದ ಮೀಸೆ ಕಳಚಿ ಟೀ ಲೋಟಕ್ಕೆ ಬಿತ್ತು. ಅದು ಅವನಿಗೆ ಗೊತ್ತಾಗಲಿಲ್ಲ. ಲೋಟ ಎತ್ತಿಕೊಂಡು ಬಹಳ ಗಂಭೀರವಾಗಿ ರಕ್ತದೊತ್ತಡದ ಬಗ್ಗೆ ಮಾತಾಡುತ್ತಾ ಹೋದ. ಪೆಂಡಾಲು ಹಾರಿಹೋಗುವಷ್ಟು ನಗು. ನನಗೆ ಅವನ ಮೇಲೆ ಸಿಟ್ಟು ಬಂತು. ಜನಕ್ಕೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ನಗು ಹುಟ್ಟಿದ್ದು ಈ ಎರಡರ ನಡುವಿನ ಸಂದಿಯಲ್ಲಿ ಎಂದು ಅರ್ಥವಾಗಲು ನನಗೆ ಬಹಳ ವರ್ಷ ಹಿಡಿಯಿತು.

ಅಲ್ಲಿಗೆ ಎರಡನೇ ತಪ್ಪು ಕಲ್ಪನೆ ತಾನೇ ಎದ್ದು ನಿಲ್ಲುತ್ತದೆ: ಕಾಮಿಡಿ ಸ್ಕ್ರಿಪ್ಟು ಅಂದರೆ ಜೋಕುಗಳ ಸರಮಾಲೆ. ಅಲ್ಲ. ಒಂದು ಉದಾಹರಣೆ ಇಲ್ಲೇ ಕಟ್ಟಿ ನೋಡೋಣ.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆಗೂಡು ಮಾರುಕಟ್ಟೆ. ಕನಕಪುರದ ಕಡೆಯ ಗೌಡರೊಬ್ಬರ ಲಾಟು ಹರಾಜಿನಲ್ಲಿ ಕೆಜಿಗೆ 640ಕ್ಕೆ ಹೋಯಿತು ಅಂದುಕೊಳ್ಳಿ. ಹೊರಗೆ ಬಂದು ಬೀಡಿ ಹಚ್ಚುವಷ್ಟರಲ್ಲಿ ಫೋನು. ಹೆಂಡತಿ. ಗೂಡು ಮಾರಿದ ಮೇಲೆ ಓಲೆ ಕೊಡಿಸುತ್ತೇನೆಂದು ಗೌಡರು ಮೂರು ಬೆಳೆಯಿಂದ ಹೇಳುತ್ತಾ ಬಂದಿದ್ದಾರೆ. “ಎಲ್ಲಮ್ಮಿ, ನಾನೂರಾ ಹತ್ತಕ್ಕೆ ಹೋಯ್ತು” ಅನ್ನುತ್ತಾರೆ. ಮತ್ತೆ ಫೋನು. ಭಾವಮೈದ. ಅವನ ಹತ್ತಿರ ಕೈಸಾಲ ಇದೆ. “ಮುನ್ನೂರಾ ಎಂಬತ್ತು ಕಣಪ್ಪ, ಹುಳಕ್ಕೆ ಸುಣ್ಣಕಟ್ಟು ರೋಗ ಬಿದ್ದಿತ್ತು.” ಮೂರನೆಯ ಫೋನು ಮಗನಿಗೆ ಹೆಣ್ಣು ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಭಾವೀ ಬೀಗರದು. ಗೌಡರು ಬೆನ್ನು ನೆಟ್ಟಗೆ ಮಾಡಿಕೊಂಡು “ಏಳ್ನೂರಾ ಐವತ್ತು” ಅನ್ನುತ್ತಾರೆ.

ಇಷ್ಟರಲ್ಲಿ ಒಂದೂ ಜೋಕಿಲ್ಲ. ಹೇಳಿದ ಸುಳ್ಳಿಗೆಲ್ಲ ನ್ಯಾಯವಾದ ಕಾರಣವಿದೆ, ಎರಡಕ್ಕೆ ಭಯ, ಒಂದಕ್ಕೆ ಮರ್ಯಾದೆ. ಈಗ ಗೌಡರು ಕನಕಪುರದ ಬಸ್ಸು ಹತ್ತುತ್ತಾರೆ. ಮುಂದಿನ ಸೀಟಿನಲ್ಲಿ ಹೆಂಡತಿ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಬಿಟ್ಟಿ. ಹಾಗಾಗಿ ಆಕೆ ಓಲೆಯ ಡಿಸೈನು ನೋಡಿಕೊಂಡು ಬರಲು ಹೇಳದೆ ಕೇಳದೆ ರಾಮನಗರಕ್ಕೆ ಬಂದಿದ್ದಾಳೆ. ಹಿಂದಿನ ಸೀಟಿನಲ್ಲಿ ಭಾವಮೈದ. ನಡುವೆ, ಗೌಡರಿಗೆಂದೇ ಟವೆಲ್ಲು ಹಾಕಿ ಸೀಟು ಹಿಡಿದ ಬೀಗರು. ದೃಶ್ಯ ತನ್ನಷ್ಟಕ್ಕೆ ಓಡತೊಡಗುತ್ತದೆ. ಗೌಡರು “ಏನ್ ಸೆಖೆ” ಅಂದರೂ ನಗು ಬರುತ್ತದೆ. ಆ ಮಾತಿನಲ್ಲಿ ನಗುವಂಥದ್ದು ಏನೂ ಇಲ್ಲ. ಅವರು ಯಾವ ಇಕ್ಕಟ್ಟಿನಲ್ಲಿ ಕೂತು ಅದನ್ನು ಹೇಳುತ್ತಿದ್ದಾರೆ ಎಂಬುದು ನಮಗೆ ಗೊತ್ತಿದೆ, ಅಷ್ಟೆ. ಈ ಬಸ್ಸಿಗೆ ಆಮೇಲೆ ಮತ್ತೆ ಬರೋಣ.

ಇದೇನು ನನ್ನ ಸ್ವಂತ ಆವಿಷ್ಕಾರವಲ್ಲ. ಪಕ್ಕದ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ರಾಮ್ ರೆಡ್ಡಿ ತೆಗೆದ ‘ತಿಥಿ’ ಚಿತ್ರದ ಬೆನ್ನುಮೂಳೆಯೂ ಒಂದು ಸುಳ್ಳೇ. ಅಪ್ಪ ಬದುಕಿರುವಾಗಲೇ ಸತ್ತನೆಂದು ಕಾಗದ ಮಾಡಿಸಿ ಜಮೀನು ಮಾರಲು ಹೊರಟ ಮಗ. ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ತಿರುಗುವ ಅಪ್ಪ ಗಡ್ಡಪ್ಪ. ನಟಿಸಿದವರು ವೃತ್ತಿನಟರಲ್ಲ, ಹಳ್ಳಿಯವರೇ. ರೆಡ್ಡಿಯವರ ಜೊತೆ ಬರವಣಿಗೆಯಲ್ಲಿ ಕೂತ ಈರೇಗೌಡರು ಅದೇ ಊರಿನ ಮಣ್ಣಲ್ಲಿ ಬೆಳೆದವರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಆ ಚಿತ್ರಕ್ಕೆ ಪ್ರಶಸ್ತಿ ಬಂತು. ‘ಐತೆ’, ‘ಬುಡು’ ಎಂಬ ಮಾತಿನ ಸೊಗಡು ಅಲ್ಲಿ ಕೂತವರಿಗೆ ತಿಳಿಯುವ ಸಂಭವವೇ ಇರಲಿಲ್ಲ. ಅವರಿಗೆ ದಾಟಿದ್ದು ಆ ಇಕ್ಕಟ್ಟು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಡೆ ಬರೆಯಲು ಹೊರಟವರನ್ನು ಅತಿ ಹೆಚ್ಚು ಹಾಳು ಮಾಡಿರುವ ನಂಬಿಕೆ ಯಾವುದೆಂದರೆ, ನಮ್ಮ ಭಾಷೆಯೇ ಒಂದು ಕಾಮಿಡಿ ಎಂಬುದು. ತಪ್ಪು ಅವರದಲ್ಲ. ಹಳೆಯ ಎಷ್ಟೋ ಸಿನಿಮಾಗಳಲ್ಲಿ ನಾಯಕ ಪುಸ್ತಕದ ಕನ್ನಡ ಮಾತಾಡುತ್ತಾನೆ, ಮನೆಯ ಆಳು, ಪೆದ್ದ, ಬಸ್ ಸ್ಟಾಂಡಿನಲ್ಲಿ ದಾರಿ ತಪ್ಪಿದ ಹಳ್ಳಿಗ ನಮ್ಮ ಮಾತಾಡುತ್ತಾನೆ. ಅದನ್ನೇ ನೋಡಿ ಬೆಳೆದ ಹುಡುಗ ಸಾಲು ಸಾಲಿಗೆ ‘ಏನ್ಲಾ’, ‘ಯಾಕ್ಲಾ’ ಸೇರಿಸಿ, ಆಯಿತು ಹಾಸ್ಯ ಅಂದುಕೊಳ್ಳುತ್ತಾನೆ. ಹೊರಗಿನ ಕಿವಿಗೆ ಮೂರು ಸಾಲು ಅದು ತಮಾಷೆ, ನಾಲ್ಕನೆಯ ಸಾಲಿಗೆ ಅಭ್ಯಾಸವಾಗಿ ಹೋಗುತ್ತದೆ. ಕನಕಪುರದ ಟಾಕೀಸಿನಲ್ಲಂತೂ ಮೊದಲ ಸಾಲಿಗೂ ಯಾರೂ ನಗುವುದಿಲ್ಲ, ಅಲ್ಲಿ ಎಲ್ಲರೂ ಹಾಗೇ ಮಾತಾಡುವುದು.

ಹಾಗೆಂದು ಆಡುಮಾತು ಬಿಡಬೇಕೇ? ಖಂಡಿತ ಬೇಡ. ಅದು ನಗೆಪಾಟಲಿನ ವಸ್ತುವಲ್ಲ, ಸೂಕ್ಷ್ಮ ಉಪಕರಣ. “ನೋಡಾನ ಬುಡಿ” ಎಂಬ ಎರಡು ಪದ ತೆಗೆದುಕೊಳ್ಳಿ. ಸಾಲ ಕೇಳಲು ಬಂದವನಿಗೆ ಇದನ್ನು ಹೇಳಿದರೆ ‘ಇಲ್ಲ’ ಎಂದೇ ಅರ್ಥ. ಹೇಳಿದವನಿಗೂ ಗೊತ್ತು, ಕೇಳಿದವನಿಗೂ ಗೊತ್ತು. ಇಬ್ಬರ ಮರ್ಯಾದೆಯೂ ಉಳಿಯಿತು. “ಉಂಡ್ಕಂಡೇ ಹೋಗಿ” ಎಂಬುದನ್ನು ನಿಂತುಕೊಂಡು ಹೇಳಿದರೆ ಒಂದು ಅರ್ಥ, ಕೂತು ಹೇಳಿದರೆ ಬೇರೆ. ನಿಂತು ಹೇಳಿದಾಗ ಉಣ್ಣಲು ಕೂರುವ ನೆಂಟನಿದ್ದಾನಲ್ಲ, ಅವನಿಂದ ಒಂದು ದೃಶ್ಯ ಶುರುವಾಗುತ್ತದೆ. ಪರೀಕ್ಷೆ ಸುಲಭ: ಬರೆದ ದೃಶ್ಯವನ್ನು ಒಮ್ಮೆ ಸಪ್ಪೆ ಕನ್ನಡಕ್ಕೆ ತಿರುಗಿಸಿ ಓದಿ. ಆಗಲೂ ನಗು ಉಳಿದರೆ ಸನ್ನಿವೇಶ ಗಟ್ಟಿ. ಆಮೇಲೆ ಊರ ಮಾತಿಗೆ ತನ್ನಿ.

ಈ ವಿಷಯದಲ್ಲಿ ರಾಮನಗರಕ್ಕೇ ಒಂದು ವಿಚಿತ್ರ ಪಾಠವಿದೆ. ‘ಶೋಲೆ’ ಬಂಡೆಗಳ ಊರೆಂದು ನಾವು ಇನ್ನೂ ಹೆಮ್ಮೆ ಪಡುತ್ತೇವೆ. ರಾಮದೇವರ ಬೆಟ್ಟದ ಬುಡದಲ್ಲಿ 1973ರಲ್ಲಿ ಶುರುವಾದ ಚಿತ್ರೀಕರಣ, 1975ರ ಆಗಸ್ಟ್ 15ಕ್ಕೆ ಬಿಡುಗಡೆ. ಆದರೆ ಅದರಲ್ಲಿ ನಗಿಸುವ ಸೂರ್ಮಾ ಭೋಪಾಲಿಯ ಮಾತಿನ ವರಸೆ ಭೋಪಾಲಿನದು. ಬರೆದ ಜೋಡಿಯಲ್ಲಿ ಒಬ್ಬರಾದ ಜಾವೇದ್ ಅಖ್ತರ್ ಕಾಲೇಜು ಓದಿದ್ದು ಅದೇ ಊರಿನಲ್ಲಿ. ಬಂಡೆ ನಮ್ಮದು, ನಗು ಅವರೂರಿನದು. ಬರೆಯುವವನು ತಾನು ಕಿವಿಯಾರೆ ಕೇಳಿದ್ದನ್ನೇ ತಂದ. ನಮ್ಮ ಹುಡುಗರು ಮಾತ್ರ ತಮ್ಮ ಕಿವಿಯನ್ನು ಊರಲ್ಲೇ ಬಿಟ್ಟು ಗಾಂಧಿನಗರಕ್ಕೆ ಹೋಗುತ್ತಾರೆ.

ಇನ್ನೊಂದು ಮಾತು ಬಹಳ ಕೇಳಿಬರುತ್ತದೆ: “ಒಳ್ಳೆ ಕಾಮಿಡಿ ನಟ ಸ್ಪಾಟಲ್ಲೇ ಹೊಡೀತಾನೆ, ಬರೆಯೋನು ಯಾಕೆ?” ಇದಕ್ಕೆ ಸಾಕ್ಷಿಯಾಗಿ ಮಾಸ್ಟರ್ ಹಿರಣ್ಣಯ್ಯನವರನ್ನು ಎಳೆದು ತರುತ್ತಾರೆ. ‘ಲಂಚಾವತಾರ’ದಲ್ಲಿ ಅವರು ಅಂದಿನ ಪೇಪರಿನ ಸುದ್ದಿಯನ್ನು ಅಂದಿನ ರಾತ್ರಿಯೇ ವೇದಿಕೆಗೆ ತರುತ್ತಿದ್ದುದು ನಿಜ. ಆದರೆ ಆ ನಾಟಕ ಸಾವಿರಾರು ಪ್ರದರ್ಶನ ಕಂಡದ್ದು. ಎಲ್ಲಿ ಕಥೆ ಬಿಟ್ಟು ಹೊರಗೆ ಹೋಗಬಹುದು, ಎಲ್ಲಿ ವಾಪಸು ಬರಲೇಬೇಕು ಎಂಬುದು ರಕ್ತಗತವಾಗಿದ್ದ ಮನುಷ್ಯ ಅವರು. ಚೌಕಟ್ಟು ಗಟ್ಟಿ ಇದ್ದದ್ದಕ್ಕೇ ಅಷ್ಟು ದೂರ ಜಿಗಿಯಲು ಸಾಧ್ಯವಾಯಿತು. ಟಿ.ಪಿ. ಕೈಲಾಸಂ ಕೂಡ ನಾಟಕಗಳನ್ನು ತಾವೇ ಬರೆದದ್ದಕ್ಕಿಂತ ಹೇಳಿ ಬರೆಸಿದ್ದು ಹೆಚ್ಚು. ಹಾಗೆಂದು ಅದು ಬಾಯಿಗೆ ಬಂದದ್ದಲ್ಲ. ಗೆಳೆಯರ ಮುಂದೆ ಮತ್ತೆ ಮತ್ತೆ ಹೇಳಿ, ತಿದ್ದಿ, ಪಳಗಿಸಿದ್ದು.

ಕಥೆ ಕದಿಯುತ್ತಾರೆ ಎಂಬ ಭಯದ ಬಗ್ಗೆ. ಇದು ಪೂರ್ತಿ ಸುಳ್ಳಲ್ಲ, ಆದರೆ ಭಯದ ಜಾಗ ತಪ್ಪು. “ಒಂದು ಸೂಪರ್ ಐಡಿಯಾ ಐತೆ, ಯಾರಿಗೂ ಹೇಳಲ್ಲ” ಎಂದು ಐದು ವರ್ಷ ಬಚ್ಚಿಟ್ಟುಕೊಂಡು ಓಡಾಡುವವರನ್ನು ಕಂಡಿದ್ದೇನೆ. ಕಾನೂನು ಐಡಿಯಾಕ್ಕೆ ಹಕ್ಕು ಕೊಡುವುದೇ ಇಲ್ಲ. ನಾಟಕಕಾರ ಆರ್.ಜಿ. ಆನಂದ್ ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕದ ವಸ್ತುವನ್ನು ‘ನ್ಯೂ ಡೆಲ್ಲಿ’ ಚಿತ್ರಕ್ಕೆ ಎತ್ತಿದ್ದಾರೆಂದು ಸುಪ್ರೀಂ ಕೋರ್ಟಿನವರೆಗೂ ಹೋದರು. ವಸ್ತು ಒಂದೇ ಇದ್ದರೂ ಅದನ್ನು ನಿರ್ವಹಿಸಿದ ರೀತಿ ಬೇರೆಯಿದ್ದರೆ ಕೃತಿಚೌರ್ಯ ಅಲ್ಲ ಎಂದು 1978ರಲ್ಲಿ ತೀರ್ಪು ಬಂತು. ಬರೆದಿಟ್ಟ ರೂಪಕ್ಕೆ ಮಾತ್ರ ರಕ್ಷಣೆ. ಹಾಗಾಗಿ ಐಡಿಯಾ ಕಾಪಾಡಲು ಇರುವ ದಾರಿ ಅದನ್ನು ಬರೆದು ಮುಗಿಸುವುದೇ. ನಿಮ್ಮ ವಿಳಾಸಕ್ಕೆ ನೀವೇ ಪೋಸ್ಟು ಹಾಕಿಕೊಂಡು ಲಕೋಟೆ ಒಡೆಯದೆ ಇಟ್ಟರೆ ಹಕ್ಕು ಬರುತ್ತದೆ ಎಂಬುದು ಅಂಚೆ ಇಲಾಖೆಗೆ ಮಾತ್ರ ಲಾಭದ ನಂಬಿಕೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೀವು ತೀರಿಕೊಂಡ ಮೇಲೂ 60 ವರ್ಷ. ನೋಂದಣಿ ಕಡ್ಡಾಯವಿಲ್ಲ. ಮುಂಬೈಯ ಚಿತ್ರಕಥೆಗಾರರ ಸಂಘದಲ್ಲಿ ಆನ್‌ಲೈನಾಗಿ ನೋಂದಾಯಿಸಿದರೆ ಇಂಥ ದಿನ ಇದು ನನ್ನ ಬಳಿ ಇತ್ತು ಎಂಬುದಕ್ಕೆ ಒಂದು ಪುರಾವೆ ಸಿಗುತ್ತದೆ, ಅಷ್ಟೆ.

“ಕೆಲಸ ಬಿಟ್ಟು ಬೆಂಗಳೂರಲ್ಲಿ ರೂಮು ಮಾಡಬೇಕು” ಎನ್ನುವವರಿಗೆ ಚುಟುಕಾಗಿ: 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರು ಮಾಡಿ ಕಾಲು ಶತಮಾನ ನಡೆಸಿದ ರಾಶಿ, ಅಂದರೆ ಎಂ. ಶಿವರಾಂ, ವೈದ್ಯರು. ಬೀಚಿ ಪೊಲೀಸ್ ಇಲಾಖೆಯ ನೌಕರರು. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು. ರಾಮನಗರದಿಂದ ಬೆಂಗಳೂರು ಐವತ್ತು ಕಿಲೋಮೀಟರು, ದಿನಾ ಸಾವಿರಾರು ಜನ ರೈಲಿನಲ್ಲಿ ಹೋಗಿ ಬರುತ್ತಾರೆ. ಬರೆಯುವವನಿಗೆ ಆ ರೈಲಿಗಿಂತ ಒಳ್ಳೆಯ ರೂಮು ಸಿಗಲಾರದು.

ಕಲಿಯಲು ಇಲ್ಲಿ ಏನೂ ಇಲ್ಲ ಎಂಬ ಕೊರಗಿಗೂ ಆಧಾರವಿಲ್ಲ. ನಮ್ಮ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಲಿಯುವುದನ್ನು ಒಂದು ವಾರ ಹೋಗಿ ನೋಡಿ. ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾರೆ, ದುರ್ಯೋಧನನಿಗೆ ದರ ಜಾಸ್ತಿ. ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಕಂದಪದ್ಯ ಬಾಯಿಪಾಠ ಮಾಡಿಸುತ್ತಾರೆ. ನಾಟಕದ ರಾತ್ರಿ ದುರ್ಯೋಧನ ಗದೆ ಎತ್ತಿ ಆರ್ಭಟಿಸುತ್ತಿರುವಾಗ ಅವನ ಮಾವನ ಮನೆಯವರು ಹಾರ, ಶಾಲು, ಕವರು ಹಿಡಿದು ಸ್ಟೇಜು ಹತ್ತುತ್ತಾರೆ. ಯುದ್ಧ ನಿಲ್ಲುತ್ತದೆ. ಫೋಟೋದವನು ಭೀಮನನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳುತ್ತಾನೆ. ಭೀಮನ ಕಡೆಯವರು ಇನ್ನೂ ಯಾರೂ ಹಾರ ತಂದಿಲ್ಲ. ಅವನ ಮುಖ ನೋಡಿ. ಹಳ್ಳಿಯವರು ಪೌರಾಣಿಕ ನಾಟಕ ಕಲಿಯುವ ಪರದಾಟವನ್ನೇ ಹಿಡಿದು ಹುಟ್ಟಿದ ‘ಶ್ರೀಕೃಷ್ಣ ಸಂಧಾನ’ ಎಂಬ ನಗೆನಾಟಕವನ್ನು ಕನ್ನಡಿಗರು ಸಾಕಷ್ಟು ಸಲ ನೋಡಿ ನಕ್ಕಿದ್ದಾರೆ. ಅದರ ಕಚ್ಚಾ ಮಾಲು ಇಂಥ ರಾತ್ರಿಗಳದ್ದೇ.

ಶುರು ಮಾಡುವವರು ಮೂರು ಗಂಟೆಯ ಸಿನಿಮಾ ಬರೆಯಬೇಡಿ. ಮೂರು ನಿಮಿಷದ ಒಂದು ದೃಶ್ಯ ಬರೆಯಿರಿ. ಇಬ್ಬರು ಗೆಳೆಯರಿಗೆ ಪಾತ್ರ ಹಂಚಿ, ನಿಮ್ಮನ್ನು ಅಷ್ಟಾಗಿ ಅರಿಯದ ಐದು ಜನರ ಮುಂದೆ ಓದಿಸಿ. ನೀವು ಓದಬೇಡಿ, ಸುಮ್ಮನೆ ಕೂತು ಅವರು ಎಲ್ಲಿ ಫೋನು ತೆಗೆದರು ಎಂದು ಗುರುತು ಹಾಕಿಕೊಳ್ಳಿ. ಆ ಸಾಲಿನಲ್ಲಲ್ಲ, ಅದಕ್ಕಿಂತ ಅರ್ಧ ಪುಟ ಹಿಂದೆ ತಪ್ಪಿರುತ್ತದೆ.

ನನ್ನ ಬಸ್ಸಿನ ದೃಶ್ಯವನ್ನೂ ಹಾಗೆ ನಾಲ್ಕು ಸಲ ತಿದ್ದಿದೆ. ಮೊದಲ ಸಲ ಮೂವರೂ ಸೇರಿ ಗೌಡರನ್ನು ಬೈದರು, ಗದ್ದಲವಾಯಿತೇ ಹೊರತು ನಗು ಬರಲಿಲ್ಲ. ಎರಡನೆಯ ಸಲ ದುಡ್ಡು ಖಾತೆಗೆ ಬಿದ್ದ ಮೆಸೇಜನ್ನು ಮಗ ಫೋನು ಮಾಡಿ ಓದಿ ಹೇಳಿದ. ಬುದ್ಧಿವಂತಿಕೆ ಕಂಡಿತು, ಗೌಡರೇ ಕಾಣದಾದರು. ಈಗ ಇರುವುದು ಹೀಗೆ. ಟಿಕೆಟು ಕೊಡುತ್ತಾ ಬಂದ ಕಂಡಕ್ಟರು ಗುರುತಿನವನು. ಬಸ್ಸಿಗೆಲ್ಲ ಕೇಳುವ ಹಾಗೆ, ಬಾಯ್ತುಂಬಾ ಪ್ರೀತಿಯಿಂದ ಕೇಳುತ್ತಾನೆ: “ಏನ್ ಗೌಡ್ರೇ, ಗೂಡು ಎಷ್ಟಕ್ಕೋಯ್ತು?”

ಮೂರು ತಲೆಗಳು ತಿರುಗುತ್ತವೆ. ಗೌಡರು ಕಿಟಕಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು, ಗೊರಕೆ ಶುರು ಮಾಡುತ್ತಾರೆ. ಕೈಯಲ್ಲಿ ಟಿಕೆಟ್ಟಿಗೆಂದು ಹಿಡಿದ ನೋಟು ಹಾಗೇ ಮೇಲೆತ್ತಿಕೊಂಡೇ ಇದೆ.