ನಡವಳಿ ತಿದ್ದುವಾಗ ಪಠ್ಯದ ಆಯ್ಕೆ: ಸುಲಭ ಕೀಲಿಗಳು ಮತ್ತು ವಹಿಸಬೇಕಾದ ಎಚ್ಚರ

ಸಾಮಾನ್ಯ ಸಭೆಯ ನಡವಳಿಯನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸುವಾಗ ಹಿಂದಿನ ಸಭೆಯ ಕಡತವನ್ನೇ ತೆರೆದು, ಬದಲಾಗಬೇಕಾದ ಭಾಗವನ್ನಷ್ಟೇ ತಿದ್ದುವ ರೂಢಿ ಅನೇಕ ಕಚೇರಿಗಳಲ್ಲಿದೆ. ತಿದ್ದಬೇಕಾದ ಭಾಗವನ್ನು ಸರಿಯಾಗಿ ಆಯ್ದುಕೊಳ್ಳದಿದ್ದಲ್ಲಿ ಹಳೆಯ ಠರಾವಿನ ಸಾಲು ಉಳಿದುಬಿಡಬಹುದು. ಹೊಸ ಠರಾವಿನ ಮೊತ್ತ ಬಿಟ್ಟುಹೋಗಬಹುದು. ಮುದ್ರಿತ ಪ್ರತಿಗೆ ಸಹಿಯಾದ ಮೇಲೆ ಅದೇ ದಾಖಲೆ. ಆದುದರಿಂದ ಆಯ್ಕೆಯ ಕ್ರಮವನ್ನು ಸಿಬ್ಬಂದಿಯಷ್ಟೇ ಅಲ್ಲದೆ ಸದಸ್ಯರೂ ಅರಿತಿರುವುದು ಉಪಯುಕ್ತ.

ಮೌಸ್‌ನಿಂದ: ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಪದದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಆ ಪದವೂ, ಮೂರು ಬಾರಿ ಕ್ಲಿಕ್ ಮಾಡಿದರೆ ಇಡೀ ಕಂಡಿಕೆಯೂ ಆಯ್ಕೆಯಾಗುತ್ತದೆ. ಕಂಟ್ರೋಲ್ ಕೀಲಿ ಒತ್ತಿಹಿಡಿದು ಕ್ಲಿಕ್ ಮಾಡಿದರೆ ಒಂದು ವಾಕ್ಯ ಆಯ್ಕೆಯಾಗುತ್ತದೆ. ಲಿಬ್ರೆಆಫೀಸ್ ರೈಟರ್‌ನಲ್ಲಿ ಮೂರು ಕ್ಲಿಕ್ಕಿಗೆ ವಾಕ್ಯ, ನಾಲ್ಕಕ್ಕೆ ಕಂಡಿಕೆ ಎಂಬ ವ್ಯತ್ಯಾಸವಿದೆ.

ಕೀಲಿಮಣೆಯಿಂದ: ಶಿಫ್ಟ್ ಒತ್ತಿಹಿಡಿದು ಎಂಡ್ ಕೀಲಿ ಒತ್ತಿದರೆ ಕರ್ಸರ್ ಇರುವಲ್ಲಿಂದ ಸಾಲಿನ ಕೊನೆಯವರೆಗೆ, ಹೋಮ್ ಒತ್ತಿದರೆ ಸಾಲಿನ ಆರಂಭದವರೆಗೆ ಆಯ್ಕೆಯಾಗುತ್ತದೆ. ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಹಿಡಿದು ಬಲ ಅಥವಾ ಎಡ ಬಾಣದ ಕೀಲಿ ಒತ್ತಿದರೆ ಆಯ್ಕೆಯು ಪದ ಪದವಾಗಿ ಸಾಗುತ್ತದೆ. ಹಲವು ಪುಟಗಳ ಭಾಗವಾದರೆ ಆರಂಭದಲ್ಲಿ ಒಮ್ಮೆ ಕ್ಲಿಕ್ ಮಾಡಿ, ಕೊನೆಗೆ ಹೋಗಿ ಶಿಫ್ಟ್ ಹಿಡಿದು ಮತ್ತೊಮ್ಮೆ ಕ್ಲಿಕ್ ಮಾಡುವುದು ಸುರಕ್ಷಿತ. ಮೌಸ್ ಎಳೆಯುವಾಗ ಕೈ ಜಾರುವ ಭಯ ಇದರಲ್ಲಿಲ್ಲ.

ವಾಕ್ಯದ ಆಯ್ಕೆಯಲ್ಲಿ ವಿಶೇಷ ಎಚ್ಚರ ಬೇಕು. ಚುಕ್ಕಿ ಮತ್ತು ಅದರ ನಂತರದ ಖಾಲಿ ಜಾಗವನ್ನು ತಂತ್ರಾಂಶವು ವಾಕ್ಯದ ಅಂತ್ಯವೆಂದು ತಿಳಿಯಬಹುದು. “ಪೈಪ್‌ಲೈನ್ ದುರಸ್ತಿಗೆ ರೂ. 45,000 ವೆಚ್ಚ ಮಾಡಲು ತೀರ್ಮಾನಿಸಲಾಯಿತು” ಎಂಬಲ್ಲಿ ಆಯ್ಕೆಯು “ರೂ.” ಎಂಬಲ್ಲಿಗೇ ನಿಂತರೆ, ವಾಕ್ಯವನ್ನು ಬೇರೆಡೆಗೆ ಸಾಗಿಸಿದಾಗ ಮೊತ್ತವು ಹಿಂದಿನ ಸ್ಥಳದಲ್ಲೇ ಉಳಿದು ಮತ್ತೊಂದು ಠರಾವಿಗೆ ಅಂಟಿಕೊಳ್ಳುತ್ತದೆ. “45,000 ರೂಪಾಯಿ” ಎಂದು ಬರೆದರೆ ಈ ತೊಡಕಿಲ್ಲ.

ಕಂಟ್ರೋಲ್ ಮತ್ತು ಎ ಕೀಲಿಗಳು ಇಡೀ ಕಡತವನ್ನೇ ಆಯ್ದುಕೊಳ್ಳುತ್ತವೆ. ಆ ಸ್ಥಿತಿಯಲ್ಲಿ ಒಂದು ಅಕ್ಷರ ಒತ್ತಿದರೂ ಸಮಸ್ತ ಪಠ್ಯ ಅಳಿದು ಆ ಅಕ್ಷರವೊಂದೇ ಉಳಿಯುತ್ತದೆ. ಗಾಬರಿಯಾಗದೆ, ಕಡತವನ್ನು ಮುಚ್ಚದೆ, ಕೂಡಲೇ ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಪಠ್ಯ ಮರಳುತ್ತದೆ. ನುಡಿಯ ಹಳೆಯ ಅಕ್ಷರಶೈಲಿಯ ಕಡತವನ್ನು ಹೀಗೆ ಪೂರ್ಣ ಆಯ್ದು ಯೂನಿಕೋಡ್ ಅಕ್ಷರಶೈಲಿಗೆ ಬದಲಿಸಿದರೆ ಪಠ್ಯ ಓದಲಾಗದಂತಾಗುತ್ತದೆ. ಅದಕ್ಕೆ ಪರಿವರ್ತಕ ತಂತ್ರಾಂಶವನ್ನೇ ಬಳಸತಕ್ಕದ್ದು.

ಸಹಿ ಮಾಡುವ ಮುನ್ನ ಸದಸ್ಯರು ಪ್ರತಿ ಠರಾವಿನ ದಿನಾಂಕ, ಕಾಮಗಾರಿಯ ಹೆಸರು ಮತ್ತು ಮೊತ್ತ ಈ ಮೂರನ್ನೂ ಕಾರ್ಯಸೂಚಿಯೊಂದಿಗೆ ಹಾಗೂ ಸಭೆಯಲ್ಲಿ ಬರೆದುಕೊಂಡ ಟಿಪ್ಪಣಿಯೊಂದಿಗೆ ತಾಳೆ ನೋಡುವುದು ಒಳಿತು. ಪರದೆಯ ಮೇಲಿನ ತಪ್ಪನ್ನು ಎರಡು ಕೀಲಿಗಳು ಸರಿಪಡಿಸುತ್ತವೆ; ಸಹಿಯಾದ ತಪ್ಪಿಗೆ ಮತ್ತೊಂದು ಸಭೆಯೇ ಬೇಕಾದೀತು.