ಒಂದಕ್ಷರದೊಳಗೊಂದು ಬೆಟ್ಟ

ಅಕ್ಕನ ಮಗಳು ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಓದುತ್ತಿದ್ದಾಳೆ. ರಜೆಗೆ ಬಂದವಳು ಒಂದು ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಳು. ಪರದೆಯಲ್ಲಿ ಒಂದು ಬಿಳೀ ಕಿಟಕಿ, ಅದರೊಳಗೆ ಮಿಣುಕುವ ಒಂದು ಗೆರೆ. ಬಟನ್ನಿಲ್ಲ, ಬಣ್ಣವಿಲ್ಲ. "ಇದೇನೇ, ಸುಗ್ಗಿ ಮುಗಿದ ಹೊಲದ ಥರ ಇದೆ" ಅಂದೆ. ಅವಳು ನಕ್ಕು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ಮಾಮ, ವಾಲ್ಕೇನೋ ಅಂತ ಟೈಪ್ ಮಾಡಿ ಎಂಟರ್ ಒತ್ತು."

ಒತ್ತಿದೆ. ಕಟ್ಟಿದ್ದ ಚೀಲದ ಬಾಯಿ ಬಿಚ್ಚಿದಂತೆ ಅಂಕೆಗಳು ಸುರಿದವು. 100, 100, 101, 101... ನಿಲ್ಲುವಂತೆಯೇ ಇಲ್ಲ! 87 ಸಾಲು, ಸಾಲಿಗೆ 61 ಸಂಖ್ಯೆ, ಒಟ್ಟು 5,307. ನಾನು ಕಣ್ಣು ಕಣ್ಣು ಬಿಡುತ್ತಿದ್ದಾಗಲೇ ಅವಳು ಆ ಹೆಸರಿನ ಹಿಂದೆ ಇನ್ನೊಂದು ಪುಟ್ಟ ಪದ ಸೇರಿಸಿದಳು. ಅಂಕೆಗಳೆಲ್ಲ ಒಟ್ಟುಗೂಡಿ ಎದ್ದು ನಿಂತವು. ಬೆಟ್ಟ! ಇಳಿಜಾರು, ಏಣು, ನೆತ್ತಿಯಲ್ಲಿ ಬಟ್ಟಲಿನಂಥ ಕುಳಿ, ಎಲ್ಲವೂ ಇದ್ದ ಬೆಟ್ಟ.

ಅದು ಕಲ್ಪನೆಯ ಬೆಟ್ಟವಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನಡುವೆ ಇರುವ ಮೌಂಗಾ ಫೌ. ಇಂಗ್ಲಿಷಿನವರು ಅದನ್ನು ಮೌಂಟ್ ಈಡನ್ ಎಂದರು. ಆ ಊರಿನ ಸುಮಾರು ಐವತ್ತು ಜ್ವಾಲಾಮುಖಿಗಳಲ್ಲಿ ಅದೂ ಒಂದು. ಹತ್ತು ಮೀಟರಿಗೊಂದರಂತೆ ಗೆರೆ ಎಳೆದು, ಗೆರೆಗಳು ಕೂಡುವಲ್ಲೆಲ್ಲ ನೆಲ ಎಷ್ಟು ಎತ್ತರವಿದೆ ಎಂದು ಬರೆದಿಟ್ಟರೆ ಬರುವ ಪಟ್ಟಿ ಅದು. ಅತಿ ತಗ್ಗು 94 ಮೀಟರು, ಅತಿ ಎತ್ತರ 195. ಇದನ್ನು ಕೊಟ್ಟದ್ದು ಉಪಗ್ರಹವಲ್ಲ. ಒಬ್ಬ ಮನುಷ್ಯ ಭೂಪಟ ನೋಡಿ ಅಂಕೆಗಿಳಿಸಿದ್ದು. ಹೆಸರಿನ ಹಿಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಅದರ ಜಾತಕ ತೆರೆದುಕೊಳ್ಳುತ್ತದೆ. ಅಲ್ಲಿ ಆ ಮನುಷ್ಯನ ಹೆಸರಿದೆ: ರಾಸ್ ಇಹಾಕಾ. ಕೆಳಗೇ ಒಂದು ಎಚ್ಚರಿಕೆ, ಈ ಅಂಕೆಗಳನ್ನು ಕರಾರುವಾಕ್ಕೆಂದು ನಂಬಬೇಡಿ ಅಂತ. ಅಂಥ ಬೆಟ್ಟ ತೋರಿಸಿದ ಮೇಲೂ ಎಂಥ ಸಂಕೋಚ!

ಈ ತಂತ್ರಾಂಶದ ಹೆಸರು ಒಂದೇ ಅಕ್ಷರ: ಆರ್. ಸಂಖ್ಯಾಶಾಸ್ತ್ರಕ್ಕೆಂದೇ ಹುಟ್ಟಿದ ಭಾಷೆ. ಕಾಸು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ತೆರೆದ ಕೂಡಲೇ ಅದು ಹೇಳುವ ಮೊದಲ ಮಾತುಗಳಲ್ಲೊಂದು, ಯಾವ ಗ್ಯಾರಂಟಿಯೂ ಇಲ್ಲ ಎಂಬುದು. ಹೀಗೆ ಸ್ವಾಗತಿಸುವ ಅಂಗಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೊಸೆ ಆಕಳಿಸುತ್ತಾ ಮಲಗಲು ಹೋದಳು. ನನಗೆ ನಿದ್ದೆ ಎಲ್ಲಿಯದು? ಆ ಬೆಟ್ಟ ಇಲ್ಲಿಗೆ ಹೇಗೆ ಬಂತೆಂದು ಹುಡುಕುತ್ತಾ ಕೂತೆ.

ಆ ಬೆಟ್ಟದ ಊರಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಶುರುವಿಗೆ ಇಬ್ಬರು ಮೇಷ್ಟರಿದ್ದರು. ಒಬ್ಬರು ಇಹಾಕಾ, ಮಾವೊರಿ ಮೂಲದವರು. ಇನ್ನೊಬ್ಬರು ಕೆನಡಾದ ರಾಬರ್ಟ್ ಜೆಂಟಲ್‌ಮನ್. ಪಾಠ ಮಾಡುವ ಲ್ಯಾಬಿನಲ್ಲಿದ್ದದ್ದು ಮ್ಯಾಕಿಂಟಾಷ್ ಯಂತ್ರಗಳು. ಅವಕ್ಕೆ ಹೊಂದುವ ಒಳ್ಳೆಯ ತಂತ್ರಾಂಶ ಇರಲಿಲ್ಲ. ನಾವೇ ಬರೆದರಾಯಿತು ಎಂದು ಇಬ್ಬರೂ ಓಣಿಯಲ್ಲಿ ನಿಂತು ಮಾತಾಡಿಕೊಂಡರಂತೆ. ಓಣಿಯ ಮಾತು ಸಾಮಾನ್ಯವಾಗಿ ಕಾಫಿಯ ಹೊತ್ತಿಗೆ ಆರಿಹೋಗುತ್ತದೆ. ಇದು ಆರಲಿಲ್ಲ. ಇಬ್ಬರ ಹೆಸರಿನ ಮೊದಲಕ್ಷರವೂ ಆರ್. ಅದೇ ಹೆಸರಾಯಿತು. ಅದರಲ್ಲೊಂದು ತುಂಟತನವೂ ಇದೆ. ಇದಕ್ಕೆ ಮಾದರಿಯಾದ ಹಿರಿಯ ಭಾಷೆಯ ಹೆಸರು ಎಸ್. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎಸ್‌ಗೆ ಒಂದು ಮೆಟ್ಟಿಲು ಹಿಂದಿರುವುದೇ ಆರ್.

ಎಸ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಜಾನ್ ಚೇಂಬರ್ಸ್ ಮತ್ತು ಸಂಗಡಿಗರ ಕೈಯಲ್ಲಿ. ಅಲ್ಲಿಯವರೆಗೆ ಒಂದೊಂದು ಲೆಕ್ಕಕ್ಕೂ ಫೋರ್ಟ್ರಾನ್‌ನಲ್ಲಿ ಒಂದೊಂದು ಪ್ರೋಗ್ರಾಂ ಬರೆಯಬೇಕಿತ್ತು. ದತ್ತಾಂಶದ ಜೊತೆ ಮಾತಿಗೆ ಮಾತು ಕೊಟ್ಟು ಕೂರುವ ಭಾಷೆ ಬೇಕೆಂಬ ಹಂಬಲದಿಂದ ಎಸ್ ಬಂತು. ಅದಕ್ಕಾಗಿ ಚೇಂಬರ್ಸ್‌ಗೆ 1998ರಲ್ಲಿ ಎ.ಸಿ.ಎಂ. ಸಂಸ್ಥೆಯ ತಂತ್ರಾಂಶ ಪ್ರಶಸ್ತಿಯೂ ಸಿಕ್ಕಿತು. ಆದರೆ ಎಸ್‌ನ ಮಾರಾಟದ ರೂಪಕ್ಕೆ ಬೆಲೆಯಿತ್ತು. ಆರ್‌ಗೆ ಇಲ್ಲ. 1993ರ ಆಗಸ್ಟ್‌ನಲ್ಲಿ ಇಬ್ಬರು ಮೇಷ್ಟರೂ ಆರ್ ಅನ್ನು ಹೊರಗಿನವರಿಗೆ ತೋರಿಸಿದರು. ಜ್ಯೂರಿಕ್‌ನ ಮಾರ್ಟಿನ್ ಮೆಖ್ಲರ್ ಬೆನ್ನು ಬಿಡದೆ ಒಪ್ಪಿಸಿದ್ದರಿಂದ 1995ರ ಜೂನ್‌ನಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟರು. 1.0.0 ಆವೃತ್ತಿ ಬಂದದ್ದು 2000ದ ಫೆಬ್ರವರಿ 29ರಂದು, ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ ಬರುವ ದಿನ! ಇನ್ನೂ ಚಂದದ ವಿಷಯ ಕೇಳಿ. ಎಸ್‌ನ ತಂದೆ ಚೇಂಬರ್ಸ್ ಮುಂದೆ ಆರ್ ಕಟ್ಟುವ ಮುಖ್ಯ ತಂಡಕ್ಕೇ ಬಂದು ಸೇರಿಕೊಂಡರು. ಅಪ್ಪನೇ ಗಂಟುಮೂಟೆ ಕಟ್ಟಿಕೊಂಡು ಮಗನ ಮನೆಗೆ ಬಂದ ಹಾಗೆ.

ಇಷ್ಟು ಗೊತ್ತಾದ ಮೇಲೆ ಉಗ್ರಾಣಕ್ಕೆ ಇಳಿದೆ. ಆರ್‌ನೊಳಗೆ ಅಭ್ಯಾಸಕ್ಕೆಂದು ಇಟ್ಟ ಹಳೆಯ ಪಟ್ಟಿಗಳು ಹತ್ತಾರಿವೆ. ಅಜ್ಜನ ಮನೆಯ ಅಟ್ಟದ ಪೆಟಾರಿ ತೆಗೆದಂತೆ, ಒಂದನ್ನು ಎತ್ತಿದರೆ ಕೆಳಗಿನ ಇನ್ನೊಂದು ಕರೆಯುತ್ತದೆ. 1879ರಲ್ಲಿ ಮೈಕೆಲ್ಸನ್ ಬೆಳಕಿನ ವೇಗ ಅಳೆದ ನೂರು ಅಳತೆಗಳು. 1821ರಿಂದ 1934ರವರೆಗೆ ಕೆನಡಾದಲ್ಲಿ ಬೋನಿಗೆ ಬಿದ್ದ ಲಿಂಕ್ಸ್ ಎಂಬ ಕಾಡುಬೆಕ್ಕುಗಳ ಲೆಕ್ಕ. ಅದನ್ನು ಚಿತ್ರ ಬರೆಸಿದರೆ ಹೆಚ್ಚುಕಮ್ಮಿ ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುವ ಅಲೆ ಕಾಣುತ್ತದೆ, ಇಡೀ ಕಾಡೇ ಉಸಿರಾಡಿದ ಹಾಗೆ! 1970ರ ದಶಕದ 32 ಕಾರುಗಳ ಪಟ್ಟಿಯೂ ಇದೆ. ಪಠ್ಯಪುಸ್ತಕಗಳಿಗೆ ಅದೆಂದರೆ ಬಲು ಪ್ರೀತಿ, ನನಗಷ್ಟಿಲ್ಲ.

ಆಮೇಲೆ 'ನೈಲ್' ಎಂದು ಬರೆದೆ.

ಆಸ್ವಾನ್ ಬಳಿ ನೈಲ್ ನದಿಯಲ್ಲಿ ವರ್ಷಕ್ಕೆ ಎಷ್ಟು ನೀರು ಹರಿಯಿತು ಎಂಬ ಲೆಕ್ಕ. 1871ರಿಂದ 1970ರವರೆಗೆ, ಸರಿಯಾಗಿ ನೂರು ವರ್ಷ. ಒಂದೊಂದು ಅಂಕೆಯೂ ಹತ್ತು ಕೋಟಿ ಘನ ಮೀಟರುಗಳಲ್ಲಿ. ಪಾಠ ಹೇಳುವವರೆಲ್ಲ ತೋರಿಸುವುದು 1898ರ ಆಸುಪಾಸನ್ನು. ಆ ವರ್ಷ 1100, ಮರುವರ್ಷ 774. ಅಲ್ಲಿಂದಾಚೆಗೆ ಹೊಳೆ ಹಳೆಯ ಮಟ್ಟಕ್ಕೆ ಮರಳಿದ್ದು ಅಪರೂಪ. ನನ್ನ ಕಣ್ಣು ಮಾತ್ರ ಅದಕ್ಕೂ ಹಿಂದಿನ ಒಂದು ಹಳ್ಳದಲ್ಲಿ ಸಿಕ್ಕಿಕೊಂಡಿತು. 1875ಕ್ಕೆ 1160, 1876ಕ್ಕೆ 1160, 1877ಕ್ಕೆ ಧೊಪ್ಪೆಂದು 813, ಮರುವರ್ಷ ಮತ್ತೆ 1230.

1877! ಈ ಇಸವಿ ನಮ್ಮವರಿಗೆ ಬೇರೆ ಹೆಸರಿನಲ್ಲಿ ಗೊತ್ತು. ಧಾತು ಸಂವತ್ಸರ ಕಳೆದು ಈಶ್ವರ ಸಂವತ್ಸರ. ಧಾತು ಈಶ್ವರದ ಬರ. ಮೈಸೂರು ಸಂಸ್ಥಾನದಲ್ಲಿ ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಸತ್ತ ಬರ. ಅದೇ ಸಮಯದಲ್ಲಿ ಪೆಸಿಫಿಕ್ ಸಾಗರ ಬಿಸಿಯೇರಿ ಭಾರೀ ಎಲ್ ನಿನೋ ಎದ್ದಿತ್ತು. ಅದು ನಮ್ಮ ಮುಂಗಾರನ್ನೂ ಕೆಡಿಸಿತು, ನೈಲ್ ನದಿಗೆ ನೀರುಣಿಸುವ ಇಥಿಯೋಪಿಯಾದ ಮಳೆಯನ್ನೂ ಕೆಡಿಸಿತು. ಆಕ್ಲೆಂಡಿನಲ್ಲಿ ಹುಟ್ಟಿದ ಪೆಟ್ಟಿಗೆಯೊಳಗೆ ಈಜಿಪ್ಟಿನ ಹೊಳೆ, ಆ ಹೊಳೆಯ ಏಳನೆಯ ಅಂಕೆಯಲ್ಲಿ ನಮ್ಮ ಮುತ್ತಜ್ಜಂದಿರ ಹಸಿವು. ಸ್ವಲ್ಪ ಹೊತ್ತು ಕೈ ಆಡಲಿಲ್ಲ.

ಮನಸ್ಸು ಹಗುರ ಮಾಡಿಕೊಳ್ಳಲು ಹೂವಿನ ಪಟ್ಟಿ ತೆರೆದೆ. 'ಐರಿಸ್'. 150 ಹೂಗಳು, ಮೂರು ಜಾತಿ, ಜಾತಿಗೆ ಐವತ್ತು. ಪ್ರತಿ ಹೂವಿಗೂ ಎಸಳಿನದೂ ಪುಷ್ಪಪತ್ರದ್ದೂ ಉದ್ದ, ಅಗಲ. ಅಳೆದವರು ಎಡ್ಗರ್ ಆಂಡರ್ಸನ್ ಎಂಬ ಸಸ್ಯಶಾಸ್ತ್ರಜ್ಞ. ಅವುಗಳಲ್ಲಿ ಎರಡು ಜಾತಿಯ ಹೂಗಳನ್ನು ಕೆನಡಾದ ಗ್ಯಾಸ್ಪೇ ಪರ್ಯಾಯದ್ವೀಪದ ಒಂದೇ ಹುಲ್ಲುಗಾವಲಿನಲ್ಲಿ ಒಂದೇ ದಿನ ಕಿತ್ತದ್ದಂತೆ. ಅಂಕೆಗಳನ್ನಷ್ಟೇ ನೋಡಿ ಹೂವಿನ ಜಾತಿ ಹೇಳಬಹುದೇ ಎಂದು 1936ರಲ್ಲಿ ಆರ್.ಎ. ಫಿಷರ್ ಕೇಳಿದರು. ಹೇಳಬಹುದೆಂದು ತೋರಿಸಿದರು. ಪ್ರಬಂಧ ಅಚ್ಚಾದದ್ದು ಮಾತ್ರ ಮನುಷ್ಯರ ತಳಿ ಸುಧಾರಣೆಯ ಪತ್ರಿಕೆಯಲ್ಲಿ. ಅದರ ಕಹಿ ಇನ್ನೂ ಹೋಗಿಲ್ಲ. ಹೂವಿನ ಬದಲು ಅಂಟಾರ್ಕ್ಟಿಕಾದ 344 ಪೆಂಗ್ವಿನ್ನುಗಳ ಅಳತೆಯಲ್ಲಿ ಪಾಠ ಮಾಡೋಣ ಎಂದು ಹಲವರು ಬೇರೆ ದಾರಿ ಹಿಡಿದರು. 2025ರ 4.5.0 ಆವೃತ್ತಿಯಿಂದ ಆ ಪೆಂಗ್ವಿನ್ನುಗಳೂ ಆರ್‌ನೊಳಗೇ ಬಂದು ಕೂತಿವೆ. ಬರಲಿ, ಜಾಗ ಬೇಕಾದಷ್ಟಿದೆ.

ಅದೇ 1936ರಲ್ಲಿ ಕೋಲ್ಕತ್ತದಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸ್ ಇನ್ನೊಂದು ಪ್ರಶ್ನೆ ಬಿಡಿಸಿದರು. ಅಳತೆಗಳು ಒಂದಕ್ಕೊಂದು ಅಂಟಿಕೊಂಡಿರುವಾಗ ಎರಡು ಗುಂಪುಗಳ ನಡುವಿನ ದೂರ ಎಷ್ಟು? ಆರ್‌ನಲ್ಲಿ 'ಮಹಾಲನೋಬಿಸ್' ಎಂದು ಬರೆದು ನೋಡಿದೆ. ಇದೆ! ಹೊರಗಿಂದ ತರಬೇಕಿಲ್ಲ, ಮೊದಲಿನಿಂದಲೇ ಒಳಗಿದೆ. ಒಂದೇ ವರ್ಷ ಎರಡು ಖಂಡಗಳಲ್ಲಿ ಹುಟ್ಟಿದ ಎರಡು ಯೋಚನೆಗಳನ್ನು ಒಂದು ಸಾಲಿನಲ್ಲಿ ಕೂಡಿಸಿದೆ. ಫಿಷರ್ ಲೆಕ್ಕ ಹಾಕಿದ ಹೂಗಳ ನಡುವೆ ಮಹಾಲನೋಬಿಸರ ದೂರ ಪರದೆಗೆ ಬಂತು.

ಇಲ್ಲಿಂದ ಮುಂದೆ ಸಿಕ್ಕಿದ್ದಕ್ಕೆ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಎರಡು ಮಾದರಿಗಳಲ್ಲಿ ಯಾವುದು ದತ್ತಾಂಶಕ್ಕೆ ಒಪ್ಪುತ್ತದೆ ಎಂದು ತೂಗುವ ಒಂದು ಆದೇಶವಿದೆ. ಯಾವ ತಕ್ಕಡಿ ಬೇಕು ಎಂದು ಅದಕ್ಕೆ ಹೇಳಬೇಕು. ಸಹಾಯದ ಪುಟದಲ್ಲಿ ತಕ್ಕಡಿಗಳ ಹೆಸರುಗಳಿವೆ, ಒಂದು ಗ್ರೀಕ್ ಅಕ್ಷರದ್ದು, ಒಂದಷ್ಟು ಸಂಕ್ಷಿಪ್ತಾಕ್ಷರದವು. ನಡುವೆ ಉದ್ಧರಣ ಚಿಹ್ನೆಯೊಳಗೆ ಬರೀ ಮೂರು ಇಂಗ್ಲಿಷ್ ಅಕ್ಷರ: 'ರಾವ್'.

ಕಲ್ಯಂಪುಡಿ ರಾಧಾಕೃಷ್ಣ ರಾವ್. ಸಿ.ಆರ್. ರಾವ್. 1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ ಹುಟ್ಟಿದವರು! ಮನೆಮಾತು ತೆಲುಗು, ಆಗ ಆ ಊರು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಇಂದು ನಮ್ಮ ವಿಜಯನಗರ ಜಿಲ್ಲೆ, ಮಲ್ಲಿಗೆಗೆ ಹೆಸರಾದ ನೆಲ. ಮಹಾಲನೋಬಿಸರ ಸಂಸ್ಥೆಗೆ ಕಲಿಯಲು ಹೋದವರು ಅಲ್ಲೇ ಬೆಳೆದರು. ತರಗತಿಯಲ್ಲಿ ಫಿಷರ್‌ನ ಒಂದು ಫಲಿತಾಂಶ ವಿವರಿಸುತ್ತಿದ್ದಾಗ, ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ವಿ.ಎಂ. ದಾಂಡೇಕರ್ ಎದ್ದು ಕೇಳಿದರಂತೆ: ಇದು ದೊಡ್ಡ ದತ್ತಾಂಶಕ್ಕಾಯಿತು, ಚಿಕ್ಕದಕ್ಕೆ? ರಾವ್ ಮನೆಗೆ ಹೋಗಿ ರಾತ್ರಿಯೆಲ್ಲ ಕೂತು ಉತ್ತರ ತಂದರು. 1945ರ ಅವರ ಪ್ರಬಂಧದಲ್ಲಿ ಸೇರಿದ ಆ ಫಲಿತಾಂಶವನ್ನು ಜಗತ್ತು ಕ್ರಾಮರ್–ರಾವ್ ಮಿತಿ ಎನ್ನುತ್ತದೆ. ಎಂಥ ಬುದ್ಧಿವಂತನೇ ಒಂದು ಕಡೆಗೆ ವಾಲದೆ ಅಂದಾಜು ಮಾಡಲಿ, ತಪ್ಪನ್ನು ಇದಕ್ಕಿಂತ ಕೆಳಗೆ ಇಳಿಸಲಾಗದು ಎಂಬ ಗೆರೆ ಅದು. ಮೂರು ವರ್ಷದ ಬಳಿಕ, 1948ರಲ್ಲಿ, ಈಗ ನನ್ನೆದುರಿಗಿದ್ದ ತಕ್ಕಡಿಯನ್ನು ಕೊಟ್ಟರು. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದು, ಅದೇ ಆಗಸ್ಟ್‌ನಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಆರ್ ಇಳಿಸಿಕೊಂಡರೂ ಹಡಗಲಿಯಲ್ಲಿ ಹುಟ್ಟಿದವರ ಹೆಸರು ಅದರ ಜೊತೆಗೇ ಇಳಿಯುತ್ತದೆ.

ಗಂಟೆ ಎರಡಾಗಿತ್ತು. ಬರೀ ಹೆಸರುಗಳಲ್ಲ, ಲೆಕ್ಕದ ಹೊಟ್ಟೆಯೊಳಗೇ ಕೈ ಹಾಕಬಹುದೆಂದು ಆಗ ತಿಳಿಯಿತು. ಆದೇಶದ ಮುಂದಿನ ಆವರಣ ಚಿಹ್ನೆ ಬಿಟ್ಟು ಬರೀ ಹೆಸರು ಬರೆದರೆ ಆರ್ ಲೆಕ್ಕ ಮಾಡುವುದಿಲ್ಲ, ಲೆಕ್ಕ ಮಾಡುವ ಬಗೆಯನ್ನೇ ಬಿಚ್ಚಿ ತೋರಿಸುತ್ತದೆ! ಮಾನಕ ವಿಚಲನೆಗೆ ಕೆಲವೇ ಸಾಲು ಬಂತು: ವಿಚಲನ ವರ್ಗದ ವರ್ಗಮೂಲ ತೆಗೆ, ಅಷ್ಟೇ. ಹೋಟೆಲಿನಲ್ಲಿ ಸಾರು ಚೆನ್ನಾಗಿದೆ ಎಂದೊಡನೆ ಅಡುಗೆ ಭಟ್ಟರು ಒಳಗೆ ಕರೆದು ಒಗ್ಗರಣೆ ತೋರಿಸಿದ ಹಾಗೆ. ಹಿಂಜರಿತ (ರಿಗ್ರೆಶನ್) ಎಂಬ ಲೆಕ್ಕದ ಬೆನ್ನು ಹತ್ತಿದೆ. ಆರ್‌ನ ಮಾತು ಸಿ ಭಾಷೆಗೆ ಇಳಿಯಿತು, ಸಿಯಿಂದ ಫೋರ್ಟ್ರಾನ್‌ಗೆ. ತಳದಲ್ಲಿ ಸಿಕ್ಕಿದ್ದು ಲಿನ್‌ಪ್ಯಾಕ್ ಎಂಬ ಹಳೆಯ ಕಟ್ಟಡದ ಕಲ್ಲು. ಕಲ್ಲಿನ ಮೇಲೆ ಶಾಸನವೂ ಇದೆ: ಜಿ.ಡಬ್ಲ್ಯು. ಸ್ಟೀವರ್ಟ್, ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ಆಗಸ್ಟ್ 1978. ಆರ್‌ನವರು ಅದನ್ನು ಸ್ವಲ್ಪ ತಿದ್ದಿಕೊಂಡಿದ್ದಾರೆ, ಹೆಸರನ್ನು ಅಳಿಸಿಲ್ಲ. ಸೊಸೆ ನಾಳೆ ತನ್ನ ಪ್ರಾಜೆಕ್ಟಿಗೆ ಒಂದು ಹಿಂಜರಿತ ಹಾಕಿದರೆ, ಅವಳು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಬರೆದಿಟ್ಟ ಆ ಸಾಲುಗಳೇ ಎದ್ದು ಕೆಲಸ ಮಾಡಬೇಕು.

ಇದೆಲ್ಲ ಆರ್‌ನ ಪಡಸಾಲೆ ಮಾತ್ರ. ಹೊರಗೆ ಸಂತೆಯೇ ಇದೆ. ಹೆಸರು ಕ್ರಾನ್. ವಿಯೆನ್ನಾದಲ್ಲಿ ಕರ್ಟ್ ಹಾರ್ನಿಕ್ ಮತ್ತು ಫ್ರೀಡ್ರಿಶ್ ಲೈಶ್ 1997ರ ಏಪ್ರಿಲ್ 23ರಂದು ತೆರೆದಾಗ ಅಲ್ಲಿದ್ದದ್ದು 12 ಪ್ಯಾಕೇಜು. ಈಗ 20 ಸಾವಿರ ದಾಟಿದೆ! ಯಾರೋ ತಮ್ಮ ಕೆಲಸಕ್ಕೆಂದು ಬರೆದದ್ದು, ಎಲ್ಲರಿಗೂ ಇರಲಿ ಎಂದು ತಂದಿಟ್ಟದ್ದು. ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ದೀಪಾಯನ್ ಸರ್ಕಾರ್ ಬರೆದ 'ಲ್ಯಾಟಿಸ್' ಚಿತ್ರ ಬರೆಯುತ್ತದೆ. ಆಕ್ಲೆಂಡಿನಲ್ಲೇ ಓದಿದ ಹ್ಯಾಡ್ಲಿ ವಿಕಮ್ ಅವರ 'ಜಿಜಿಪ್ಲಾಟ್2' ಚಿತ್ರಕ್ಕೊಂದು ವ್ಯಾಕರಣವನ್ನೇ ಕೊಟ್ಟಿದೆ. ಸುಡೋಕು ಬಿಡಿಸುವ ಪ್ಯಾಕೇಜೂ ಇದೆ. 'ವೀಗನ್' ಎಂಬುದನ್ನು ಕಂಡು ಇದ್ಯಾವ ಹಾಲು ಬಿಟ್ಟವರ ಲೆಕ್ಕ ಎಂದುಕೊಂಡೆ. ಅಲ್ಲ, ಅದು ಗಿಡಮರಗಳ ಸಮುದಾಯ ಅಳೆಯುವವರದು. ಜೀವವೈವಿಧ್ಯ ಅಳೆಯುವವರ ಕೈಯಲ್ಲಿ 1982ರ ಒಂದು ಸೂತ್ರವಿದೆ, ಅದನ್ನು ಕೊಟ್ಟವರು ಯಾರೆಂದು ನೋಡಿದರೆ ಮತ್ತೆ ಸಿ.ಆರ್. ರಾವ್!

ಸಂತೆ ಎಂದೆ, ಆದರೆ ಕಾವಲು ಬಿಗಿ. ಇಟ್ಟ ಪ್ಯಾಕೇಜುಗಳನ್ನು ಬೇರೆಬೇರೆ ಯಂತ್ರಗಳ ಮೇಲೆ ಮತ್ತೆ ಮತ್ತೆ ಓಡಿಸಿ ಪರೀಕ್ಷಿಸುತ್ತಾರೆ. ಕೆಟ್ಟರೆ ಬರೆದವರಿಗೆ ಓಲೆ ಹೋಗುತ್ತದೆ. ಗಡುವಿನೊಳಗೆ ಸರಿಪಡಿಸದಿದ್ದರೆ ಅಟ್ಟಕ್ಕೆ. ಅದರ ಮೇಲೆ ನಿಂತ ಇತರ ಪ್ಯಾಕೇಜುಗಳೂ ಆಗ ಅಲ್ಲಾಡುತ್ತವೆ. ಈ ಕಟ್ಟುನಿಟ್ಟಿಗೆ ಗೊಣಗುವವರು ಬಹಳ. ನನಗೇನೋ ಅದು ಸರಿಯೆನಿಸಿತು. ಪುಕ್ಕಟೆ ಸಿಗುವುದು ಹುಳುಕಾಗಿಯೂ ಇರಬೇಕೆಂದೇನಿಲ್ಲವಲ್ಲ.

ಹಾಲಿನವನ ಗಂಟೆ ಕೇಳಿಸುವ ಹೊತ್ತಿಗೆ ಸೊಸೆ ಎದ್ದು ಬಂದಳು. "ಮಾಮ, ನೀನು ಮಲಗೇ ಇಲ್ವಾ?" ನಾನು ನೈಲ್ ನದಿಯ ಏಳನೆಯ ಅಂಕೆ ತೋರಿಸಿದೆ, ರಾವ್ ತೋರಿಸಿದೆ. ಎರಡು ವರ್ಷದಿಂದ ಬಳಸುತ್ತಿದ್ದವಳು, ಆ ಹೆಸರಿರುವ ಸಾಲನ್ನು ಹತ್ತಾರು ಸಲ ದಾಟಿ ಹೋಗಿದ್ದವಳು, ಬಗ್ಗಿ ಎರಡೆರಡು ಸಲ ಓದಿದಳು. "ನಮ್ಮ ಹಡಗಲೀನಾ?"

ಕಾಲೇಜಿನ ಕೆಲಸಕ್ಕೆ ಲ್ಯಾಪ್‌ಟಾಪ್ ಬೇಕೆಂದಳು. ಮುಚ್ಚಲು ಹೋದರೆ ಆರ್ ಒಂದು ಪ್ರಶ್ನೆ ಕೇಳಿತು, ಇಲ್ಲಿಯವರೆಗೆ ಹರವಿಕೊಂಡದ್ದನ್ನು ಉಳಿಸಿಡಲೇ ಎಂದು. "ಬೇಡ ಅಂತ ಒತ್ತು ಮಾಮ, ಎಲ್ಲರೂ ಬೇಡ ಅಂತಲೇ ಒತ್ತೋದು" ಅಂದಳು ಅವಳು, ಹಲ್ಲುಜ್ಜುತ್ತಾ. ನಾನು ಹೂಂ ಅಂತ ಒತ್ತಿದೆ.