ಪಿಎಚ್‌ಡಿ ಆಯ್ತು, ಮುಂದೇನು? ಸಂಶೋಧನೆಯಿಂದ ಕನ್ಸಲ್ಟಿಂಗ್‌ಗೆ ಹೋಗೋ ದಾರಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬಸ್ ಹತ್ತಿ ಮೈಸೂರಿಗೆ ಬಂದು ಎಂಎಸ್ಸಿ, ಎಂಎ, ಪಿಎಚ್‌ಡಿ ಮಾಡ್ತಿರೋರಿಗೆ ಈ ಎಪಿಸೋಡ್. ವಿಷಯ ಒಂದೇ: ಸಂಶೋಧನೆ ಬಿಟ್ಟು ಬಿಸಿನೆಸ್ ಕನ್ಸಲ್ಟಿಂಗ್‌ಗೆ ಹೋಗಬಹುದಾ? ಹೋದ್ರೆ ಏನು ಸಿಗುತ್ತೆ, ಏನು ಕೈಬಿಡುತ್ತೆ? ನಾನು ಪಿಎಚ್‌ಡಿ ಮಾಡಿದವನಲ್ಲ, ಕಾಮರ್ಸ್ ಓದಿದವನು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ.

ಯುಜಿಸಿ ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಆದ್ಮೇಲೆ ಎಸ್‌ಆರ್‌ಎಫ್, 42,000. ಮನೆ ಬಾಡಿಗೆ ಭತ್ಯೆ ಬೇರೆ. ಈಗ ಡಿಗ್ರಿ ಕೈಗೆ ಬಂತು, ಊರಿನ ಹತ್ತಿರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಅತಿಥಿ ಉಪನ್ಯಾಸಕರಾಗಿ ಸೇರಿಕೊಂಡ್ರಿ ಅಂದ್ಕೊಳ್ಳಿ. 2022ರಲ್ಲಿ ರಾಜ್ಯ ಸರ್ಕಾರ ಗೌರವಧನ ಏರಿಸಿದಾಗ, ಯುಜಿಸಿ ಅರ್ಹತೆ ಮತ್ತು ಐದು ವರ್ಷಕ್ಕಿಂತ ಹೆಚ್ಚು ಅನುಭವ ಇದ್ದವರಿಗೆ ಸಿಕ್ಕಿದ್ದು ತಿಂಗಳಿಗೆ 32,000. ಆಮೇಲೆ ಇನ್ನಷ್ಟು ಏರಿದೆ, ನಿಜ. ಆದ್ರೂ ಡಿಗ್ರಿ ಸಿಗೋಕೆ ಮುಂಚೆ ಬರ್ತಿದ್ದ ಫೆಲೋಶಿಪ್‌ಗಿಂತ ಡಿಗ್ರಿ ಸಿಕ್ಕ ಮೇಲಿನ ಗೌರವಧನ ಕಡಿಮೆ ಆಗೋ ಪರಿಸ್ಥಿತಿ ಇದು. ಜೊತೆಗೆ ವಾರದ ಕೆಲಸದ ಅವಧಿಯನ್ನ ಹೆಚ್ಚಿಸಿದ್ರಿಂದ ಇದ್ದ ಪಾಠಗಳು ಕಡಿಮೆ ಜನಕ್ಕೆ ಹಂಚಿಹೋದವು, ಒಂದಷ್ಟು ಜನ ಹೊರಗುಳಿದರು. ಹಾಗಾಗಿ "ಬೇರೆ ದಾರಿ ನೋಡೋಣ" ಅನ್ನೋದು ದುರಾಸೆ ಅಲ್ಲ. ಮನೆ ನಡೆಸೋ ಪ್ರಶ್ನೆ.

ಹಾಗಾದ್ರೆ ಕನ್ಸಲ್ಟಿಂಗ್ ಅಂದ್ರೆ ಏನು? ಒಂದು ಸಂಸ್ಥೆಗೆ ಒಂದು ನಿರ್ಧಾರ ತಗೋಬೇಕಾಗಿದೆ, ಅದಕ್ಕೆ ಸಮಯ ಇಲ್ಲ, ಮಾಹಿತಿ ಇಲ್ಲ, ಅಥವಾ ಒಳಗಿನವರ ಮಾತನ್ನ ಒಳಗಿನವರೇ ನಂಬ್ತಿಲ್ಲ. ಹೊರಗಿನವರನ್ನ ಕರೆದು ದುಡ್ಡು ಕೊಟ್ಟು "ನೀವು ನೋಡಿ ಹೇಳಿ" ಅಂತಾರೆ. ಅಷ್ಟೇ.

ಈ ವೃತ್ತಿಗೂ ವಿಶ್ವವಿದ್ಯಾಲಯಕ್ಕೂ ಹಳೇ ನಂಟು ಇದೆ. ಮೆಕಿನ್ಸಿ ಅನ್ನೋ ಕಂಪನಿ ಹೆಸರು ಕೇಳಿರ್ತೀರಿ. ಅದನ್ನ 1926ರಲ್ಲಿ ಶುರು ಮಾಡಿದ ಜೇಮ್ಸ್ ಮೆಕಿನ್ಸಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅಕೌಂಟಿಂಗ್ ಪ್ರಾಧ್ಯಾಪಕರು. ಕಂಪನಿಗಳ ಬಜೆಟ್ ಹೇಗೆ ಮಾಡಬೇಕು ಅಂತ 1922ರಲ್ಲೇ ಪುಸ್ತಕ ಬರೆದಿದ್ದರು. ಪಾಠ ಮಾಡ್ತಿದ್ದ ವಿಷಯವನ್ನೇ ಕಂಪನಿಗಳಿಗೆ ಹೇಳೋಕೆ ಹೊರಟರು. 1935ರಲ್ಲಿ ತಮ್ಮ ಗ್ರಾಹಕ ಕಂಪನಿಯೊಂದಕ್ಕೆ, ಮಾರ್ಷಲ್ ಫೀಲ್ಡ್ಸ್‌ಗೆ, ತಾವೇ ಮುಖ್ಯಸ್ಥರಾಗಿ ಹೋದರು. ಸಲಹೆ ಕೊಟ್ಟವರೇ ಅದನ್ನ ಜಾರಿ ಮಾಡಬೇಕಾಗಿ ಬಂತು. 1937ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅಂದ್ರೆ ಮೇಷ್ಟ್ರು ಕನ್ಸಲ್ಟೆಂಟ್ ಆಗೋದು ಹೊಸ ಫ್ಯಾಷನ್ ಅಲ್ಲ, ಈ ಧಂದೆಯ ಬೇರೇ ಅಲ್ಲಿದೆ.

ಈಗ ವ್ಯತ್ಯಾಸ ಅರ್ಥ ಆಗೋಕೆ ನಮ್ಮ ಕಡೆಯದೇ ಪ್ರಶ್ನೆ ತಗೊಳ್ಳೋಣ: "ತಂಬಾಕು ಬಿಟ್ಟು ಇನ್ನೇನು ಬೆಳೆಯೋದು?"

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ವರ್ಜೀನಿಯಾ ತಂಬಾಕಿನ ಸೀಮೆ. ಹುಣಸೂರಲ್ಲಿ ತಂಬಾಕು ಸಂಶೋಧನಾ ಕೇಂದ್ರ ಇದೆ. ಇನ್ನೊಂದು ಕಡೆ, ತಂಬಾಕು ನಿಯಂತ್ರಣದ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದವನ್ನ ಭಾರತ 2004ರಲ್ಲಿ ಒಪ್ಪಿಕೊಂಡಿದೆ. ಹಾಗಾಗಿ ಪರ್ಯಾಯ ಬೆಳೆಯ ಮಾತು ವರ್ಷಾನುಗಟ್ಟಲೆ ನಡೀತಾನೇ ಇದೆ.

ಇದನ್ನ ಸಂಶೋಧಕರು ನೋಡೋ ರೀತಿ ಹೀಗೆ: ಯಾವ ಬೆಳೆ, ಯಾವ ತಳಿ, ಯಾವ ಮಣ್ಣು, ಎಕರೆಗೆ ಎಷ್ಟು ಇಳುವರಿ? ಒಂದು ಮಳೆಗಾಲದ ಫಲಿತಾಂಶ ಸಾಲದು, ಹಲವು ಹಂಗಾಮು ಬೆಳೆದು ನೋಡಬೇಕು. ವ್ಯತ್ಯಾಸ ಆಕಸ್ಮಿಕ ಅಲ್ಲ ಅಂತ ಖಚಿತ ಆದ್ಮೇಲೆ ಬರೀಬೇಕು.

ಕನ್ಸಲ್ಟೆಂಟ್ ಕೇಳೋ ಪ್ರಶ್ನೆನೇ ಬೇರೆ: ಎರಡು ಎಕರೆ, ಒಂದು ಬ್ಯಾರನ್, ಬ್ಯಾಂಕ್ ಸಾಲ ಇರೋ ಕುಟುಂಬ ಮುಂದಿನ ಮೇ ತಿಂಗಳಲ್ಲಿ ತಂಬಾಕು ಸಸಿ ನೆಡದೇ ಇರಬೇಕು ಅಂದ್ರೆ ಅವರಿಗೆ ಏನು ಖಾತ್ರಿ ಬೇಕು? ಆಗ ಕಾಣೋ ಚಿತ್ರ ಬೇರೆ. ತಂಬಾಕು ಮಂಡಳಿಯ ಹರಾಜು ಕರ್ನಾಟಕದಲ್ಲಿ ಶುರುವಾಗಿದ್ದು 1984ರಲ್ಲಿ. ಬೆಲೆ ಏರಲಿ ಇಳೀಲಿ, ಹರಾಜು ಕಟ್ಟೆಗೆ ಬೇಲ್ ತಗೊಂಡು ಹೋದ್ರೆ ಖರೀದಿದಾರರು ಬಂದು ಕೂತಿರ್ತಾರೆ, ಹಣ ಖಾತೆಗೆ ಬರುತ್ತೆ, ಬ್ಯಾಂಕಿಗೂ ಆ ಲೆಕ್ಕ ಗೊತ್ತು. ಶುಂಠಿಗೆ ಹಂಗಿಲ್ಲ. 60 ಕಿಲೋ ಚೀಲದ ಬೆಲೆ ಒಂದು ವರ್ಷ ಆಕಾಶ, ಇನ್ನೊಂದು ವರ್ಷ ಪಾತಾಳ. ಅಂದ್ರೆ ಇಲ್ಲಿ ಕೊರತೆ ಇರೋದು ಬೆಳೆಗಲ್ಲ, ಖಚಿತ ಖರೀದಿದಾರರಿಗೆ. ಹಾಗಾಗಿ ಕನ್ಸಲ್ಟೆಂಟ್ ವರದಿಯ ಮೊದಲ ಸಾಲು: "ಮೊದಲು ಕೊಳ್ಳೋರನ್ನ ಹುಡುಕಿ, ಆಮೇಲೆ ಬೆಳೆ ಆರಿಸಿ."

ಗಮನಿಸಿ, ಉತ್ತರ ಮೊದಲು ಬಂತು, ಕಾರಣ ಆಮೇಲೆ. ಪ್ರಬಂಧದಲ್ಲಿ ಇದು ತಲೆಕೆಳಗಾಗಿರುತ್ತೆ. ಮುನ್ನೂರು ಪುಟದ ಕೊನೆಯಲ್ಲಿ ತೀರ್ಮಾನ ಬರುತ್ತೆ. ಸಂಶೋಧನೆಯಿಂದ ಬಂದವರಿಗೆ ಅತಿ ಕಷ್ಟ ಆಗೋದು ಇದೇ. ಆರು ವಾರ, ಅರ್ಧ ಮಾಹಿತಿ, ಆದ್ರೂ "ಇದನ್ನ ಮಾಡಿ" ಅಂತ ಹೇಳಬೇಕು. "ಇನ್ನಷ್ಟು ಅಧ್ಯಯನ ಬೇಕು" ಅಂದ್ರೆ ಗ್ರಾಹಕರು ದುಡ್ಡು ಕೊಡಲ್ಲ.

ಆದ್ರೆ ಒಂದು ಮಾತು. ಆ ಮಣ್ಣಲ್ಲಿ ಶುಂಠಿಗೆ ಕೊಳೆ ರೋಗ ಯಾಕೆ ಬರುತ್ತೆ, ಮತ್ತೆ ಮತ್ತೆ ಅದೇ ಜಾಗದಲ್ಲಿ ಯಾಕೆ ಹಾಕಬಾರದು ಅನ್ನೋದು ಆರು ವಾರದಲ್ಲಿ ಯಾರಿಗೂ ಗೊತ್ತಾಗಲ್ಲ. ವರ್ಷಗಟ್ಟಲೆ ಹೊಲದಲ್ಲಿ ನಿಂತವರ ಕೆಲಸ ಅದು. ಆ ಕೆಲಸ ಗೊತ್ತಿರೋ ಕನ್ಸಲ್ಟೆಂಟ್‌ಗೂ ಬರೀ ಸ್ಲೈಡ್ ಮಾಡೋರಿಗೂ ವ್ಯತ್ಯಾಸ ಇಲ್ಲೇ. ನಿಮ್ಮ ಪಿಎಚ್‌ಡಿಯ ಬೆಲೆ ಇರೋದೂ ಇಲ್ಲೇ.

ಈಗ ದಾರಿಗಳು. ಮೂರು ಹೇಳ್ತೀನಿ.

ಒಂದು, ದೊಡ್ಡ ಕಂಪನಿ. ಬೆಂಗಳೂರು, ಮುಂಬೈ, ಗುರುಗ್ರಾಮ. ಎಂಬಿಎ ಇಲ್ಲದಿದ್ರೂ ಪಿಎಚ್‌ಡಿ ಆದವರನ್ನ ತಗೊಳ್ಳೋ ದಾರಿ ದೊಡ್ಡ ಕಂಪನಿಗಳಲ್ಲಿದೆ. ಅಲ್ಲಿ ಕೇಸ್ ಇಂಟರ್‌ವ್ಯೂ ಇರುತ್ತೆ. "ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಗೆ ಲಾಭ ಯಾಕೆ ಇಳೀತಿದೆ?" ಅನ್ನೋ ತರ ಪ್ರಶ್ನೆ. ಭತ್ತದ ಬೆಲೆಯಾ, ಕರೆಂಟ್ ಬಿಲ್ಲಾ, ನುಚ್ಚು ಜಾಸ್ತಿ ಆಗ್ತಿದೆಯಾ, ವರ್ಷದಲ್ಲಿ ಎಷ್ಟು ದಿನ ಗಿರಣಿ ಖಾಲಿ ಇರುತ್ತೆ ಅಂತ ಬಿಡಿಸಿ ಬಿಡಿಸಿ ಯೋಚಿಸಬೇಕು. ನೆನಪಿನ ಶಕ್ತಿ ಬೇಡ, ಒಡೆದು ನೋಡೋ ಅಭ್ಯಾಸ ಬೇಕು.

ಎರಡು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಿಂದಲೇ ಉದ್ಯಮಗಳಿಗೆ ಸಲಹೆ ಕೊಡೋಕೆ ಅಂತ ಪ್ರತ್ಯೇಕ ಕೇಂದ್ರ ಇದೆ. ಪ್ರಾಧ್ಯಾಪಕರು ಕೆಲಸ ಬಿಡದೇ ಕನ್ಸಲ್ಟಿಂಗ್ ಮಾಡಬಹುದು. 2000ದಲ್ಲಿ ಅಲ್ಲಿನ ನಾಲ್ವರು ಪ್ರಾಧ್ಯಾಪಕರು, ವಿಜಯ್ ಚಂದ್ರು, ರಮೇಶ್ ಹರಿಹರನ್, ಸ್ವಾಮಿ ಮನೋಹರ್, ವಿ. ವಿನಯ್, ಸ್ಟ್ರ್ಯಾಂಡ್ ಜೀನೋಮಿಕ್ಸ್ ಕಂಪನಿ ಕಟ್ಟಿದರು. ಅಲ್ಲೇ ಇನ್ನೂ ಹಿಂದೆ, 1974ರಲ್ಲಿ, ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಹೆಸರು ಮಾಡಿದ್ದ ಎ.ಕೆ.ಎನ್. ರೆಡ್ಡಿ ಹಳ್ಳಿಗಳಿಗೆ ತಂತ್ರಜ್ಞಾನ ಅಂತ ಅಸ್ತ್ರ ಘಟಕ ಶುರು ಮಾಡಿದರು. ನಿಮ್ಮ ಅಜ್ಜಿಯನ್ನ ಕೇಳಿ, ಅಸ್ತ್ರ ಒಲೆ ಗೊತ್ತಿರಬಹುದು. ವಿಷಯ ಬದಲಿಸಿದ್ರೆ ಓದಿದ್ದು ವ್ಯರ್ಥ ಆಗಲ್ಲ ಅನ್ನೋಕೆ ಇದು ಸಾಕ್ಷಿ.

ಮೂರು, ಊರಿನ ಹತ್ತಿರ. ಇದನ್ನ ಯಾರೂ ಕರಿಯರ್ ಗೈಡೆನ್ಸ್‌ನಲ್ಲಿ ಹೇಳಲ್ಲ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆ ತಂತು. ಆ ಸಂಸ್ಥೆಗಳಿಗೆ ಕೈಹಿಡಿದು ನಡೆಸೋಕೆ ತಜ್ಞರ ತಂಡಗಳು ಬೇಕು: ಬೆಳೆ, ಮಾರುಕಟ್ಟೆ ಮತ್ತು ಸಂಸ್ಕರಣೆ, ಜನರನ್ನ ಸಂಘಟಿಸೋದು, ಕಾನೂನು ಮತ್ತು ಲೆಕ್ಕ, ಐಟಿ. ಇದು ಪಕ್ಕಾ ಕನ್ಸಲ್ಟಿಂಗ್, ಹೆಸರು ಬೇರೆ ಅಷ್ಟೇ. ಅದೇ ವರ್ಷ ಸಣ್ಣ ಆಹಾರ ಸಂಸ್ಕರಣಾ ಘಟಕಗಳ ಪಿಎಂಎಫ್‌ಎಂಇ ಯೋಜನೆ ಬಂತು. ಅದರಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಯೋಜನಾ ವರದಿ ಬರೆದುಕೊಟ್ಟು ಬ್ಯಾಂಕ್ ಸಾಲದ ತನಕ ಜೊತೆಗಿರ್ತಾರೆ. ಮಾರ್ಗಸೂಚಿ ಪ್ರಕಾರ ಅವರ ಶುಲ್ಕ ಸಾಲ ಮಂಜೂರಾದ ಮೇಲೆ. ಫಲಿತಾಂಶ ಬಂದ್ರೆ ದುಡ್ಡು. ಮೈಸೂರಿನ ಸಿಎಫ್‌ಟಿಆರ್‌ಐ ಅಂಗಳದಲ್ಲಿ ಆಹಾರ ವಿಜ್ಞಾನ ಓದಿದವರಿಗೆ ಇದಕ್ಕಿಂತ ಒಳ್ಳೇ ಪಾಠಶಾಲೆ ಕಷ್ಟ.

ಈಗ ನನ್ನ ಸಬ್ಜೆಕ್ಟ್, ದುಡ್ಡು. ಸ್ವಂತವಾಗಿ ಶುರು ಮಾಡಿದ್ರೆ ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟಿನ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ದಾಟಿದ್ರೆ ಕನ್ಸಲ್ಟಿಂಗ್‌ಗೆ 18 ಪರ್ಸೆಂಟ್. ಸರಳ ಆದಾಯ ತೆರಿಗೆ ಲೆಕ್ಕದಲ್ಲಿ ಬಂದ ಹಣದ ಅರ್ಧವನ್ನ ಲಾಭ ಅಂತ ತೋರಿಸಬಹುದು. ಆದ್ರೆ ಆ ಪಟ್ಟಿಯಲ್ಲಿ ಇರೋದು ತಾಂತ್ರಿಕ ಸಲಹೆ. ಬರೀ ಮ್ಯಾನೇಜ್‌ಮೆಂಟ್ ಸಲಹೆ ಅದರೊಳಗೆ ಬರುತ್ತಾ ಅಂತ ಒಬ್ಬ ಸಿಎ ಹತ್ರ ಕೇಳಿಕೊಂಡೇ ಮುಂದುವರೀರಿ. ಉದ್ಯಮ್ ನೋಂದಣಿ ಮಾಡಿಸಿ, ಅದು ಉಚಿತ. ಎಂಎಸ್‌ಎಂಇ ಕಾನೂನಲ್ಲಿ ಗ್ರಾಹಕರು ಹಣ ಕೊಡೋಕೆ ಲಿಖಿತ ಒಪ್ಪಂದ ಇದ್ರೂ ಹೆಚ್ಚಂದ್ರೆ 45 ದಿನ, ಇಲ್ಲದಿದ್ರೆ 15 ದಿನ. ಕಾನೂನು ಹೀಗಿದ್ರೂ ಬಿಲ್ ತಡ ಆಗುತ್ತೆ. ಫೆಲೋಶಿಪ್ ತಡವಾದಾಗ ಹಾಸ್ಟೆಲ್ ಇತ್ತು, ಇಲ್ಲಿ ಇರಲ್ಲ. ಕಡಿಮೆ ಅಂದ್ರೂ ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಹೊರಡಿ.

ಕೊನೆಗೆ ಕಷ್ಟದ ಪ್ರಶ್ನೆ. ದುಡ್ಡು ಕೊಡೋರು ಯಾರು? ಅದೇ ತಂಬಾಕಿನ ಪ್ರಶ್ನೆಯನ್ನ ಸಿಗರೇಟ್ ಕಂಪನಿ ಕೇಳಿದ್ರೆ, ಆರೋಗ್ಯ ಇಲಾಖೆ ಕೇಳಿದ್ರೆ, ಬೆಳೆಗಾರರ ಸಂಘ ಕೇಳಿದ್ರೆ ವರದಿ ಮೂರು ತರ ಆಗೋ ಒತ್ತಡ ಇರುತ್ತೆ. ಸಂಶೋಧನೆಯಲ್ಲೂ ಒತ್ತಡ ಇದೆ, ಆದ್ರೆ ನಿಮ್ಮ ಲೇಖನ ಬೇರೆಯವರು ಓದ್ತಾರೆ, ತಪ್ಪಿದ್ರೆ ಹೇಳ್ತಾರೆ. ಕನ್ಸಲ್ಟಿಂಗ್ ವರದಿ ಬಹುತೇಕ ಗೋಪ್ಯ. ಓದೋದು ದುಡ್ಡು ಕೊಟ್ಟವರು ಮಾತ್ರ. ಬೆಲೆ ತೆರೋದು ಆ ಕೋಣೆಯಲ್ಲಿ ಇಲ್ಲದ ಎರಡು ಎಕರೆಯವರು. ಅದಕ್ಕೇ ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ಒಂದು ಸಾಲು ಸೇರಿಸಿ: ಅಂಕಿಅಂಶ ಏನು ಹೇಳುತ್ತೋ ಅದನ್ನೇ ಬರೀತೀನಿ, ಖಚಿತ ಇಲ್ಲದ ಕಡೆ ಖಚಿತ ಇಲ್ಲ ಅಂತಲೇ ಬರೀತೀನಿ. ಒಪ್ಪದ ಗ್ರಾಹಕರು ಇರ್ತಾರೆ. ಬಿಡಿ.

ವಾಪಸ್ ಬರೋ ಬಾಗಿಲು ಕಿರಿದು ಅನ್ನೋದೂ ನೆನಪಿರಲಿ. ಪ್ರಕಟಣೆ ನಿಂತ್ರೆ ಕಾಯಂ ಪ್ರಾಧ್ಯಾಪಕ ಹುದ್ದೆ ದೂರ ಆಗುತ್ತೆ. 2022ರಲ್ಲಿ ಯುಜಿಸಿ ತಂದ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅನ್ನೋ ದಾರಿ ಇದೆ, ಆದ್ರೆ ಅದಕ್ಕೆ 15 ವರ್ಷದ ಅನುಭವ ಬೇಕು, ಗರಿಷ್ಠ ನಾಲ್ಕು ವರ್ಷ ಮಾತ್ರ.

ಹಾಗಾಗಿ ರಾಜೀನಾಮೆಗೆ ಮುಂಚೆ ಒಂದು ಪ್ರಯೋಗ ಮಾಡಿ. ನಿಮ್ಮ ತಾಲ್ಲೂಕಿನ ಒಂದು ಗಿರಣಿ, ಒಂದು ಹಾಲಿನ ಡೇರಿ, ಒಂದು ರೈತ ಸಂಸ್ಥೆ ಆರಿಸಿ. ನಿಮ್ಮ ಗೈಡ್‌ಗೆ, ಸಂಸ್ಥೆಗೆ ತಿಳಿಸಿ, ನಿಯಮ ಒಪ್ಪಿದ್ರೆ ಎರಡು ವಾರ ಅವರ ಜೊತೆ ಕೂತು ಒಂದೇ ಪುಟ ಬರೆದುಕೊಡಿ. ಮೊದಲ ಸಾಲಲ್ಲಿ ಉತ್ತರ, ಕೆಳಗೆ ಮೂರು ಕಾರಣ. ಮೂರು ತಿಂಗಳು ಬಿಟ್ಟು ಹೋಗಿ ನೋಡಿ. ಆ ಪುಟದಿಂದ ಅಲ್ಲಿ ಏನಾದ್ರೂ ಬದಲಾಗಿದ್ರೆ, ಆ ಕೆಲಸ ಮಾಡೋವಾಗ ನಿಮಗೆ ಖುಷಿ ಆಗಿದ್ರೆ, ಹೊರಡಿ. ಆ ಎರಡು ವಾರ ಪೂರ್ತಿ ಲ್ಯಾಬ್ ನೆನಪಾಗ್ತಿದ್ರೆ, ಅದೂ ಒಂದು ಫಲಿತಾಂಶವೇ.

ನಿಮ್ಮ ಪ್ರಶ್ನೆಗಳನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ವಾರ ಸಿಗೋಣ.